ಭತ್ತ ಹೋದರೂ ಉಳಿದ ಸುಗ್ಗಿ

ಬಯಲುಸೀಮೆಯವರಿಗೆ ಸುಗ್ಗಿ ಎಂದರೆ ಸಂಕ್ರಾಂತಿ. ಜನವರಿಯ ಚಳಿ, ಕಣದಲ್ಲಿ ರಾಶಿ, ಎಳ್ಳು ಬೆಲ್ಲ, ರಾಸುಗಳಿಗೆ ಕಿಚ್ಚು. ಆದರೆ ಮೂಡಿಗೆರೆಯಿಂದ ಕೊಟ್ಟಿಗೆಹಾರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಣಕಲ್ ಸುತ್ತಿನ ಮಲೆನಾಡು ಹಳ್ಳಿಗಳಲ್ಲಿ ಸುಗ್ಗಿ ಬರುವುದು ಬೇಸಿಗೆಯಲ್ಲಿ. ಆ ಹೊತ್ತಿಗೆ ಭತ್ತ ಕೊಯ್ದು ತಿಂಗಳುಗಳೇ ಕಳೆದಿರುತ್ತವೆ. ಈಗ ಎಂಥ ಸುಗ್ಗಿ ಎಂದು ಹೊರಗಿನವರು ಕೇಳುವುದು ಸಹಜವೇ.

ಉತ್ತರ ಪದದಲ್ಲೇ ಇದೆ. ಹಳಗನ್ನಡದಲ್ಲಿ ಸುಗ್ಗಿ ಎಂದರೆ ವಸಂತಕಾಲ ಎಂಬ ಅರ್ಥವೂ ಉಂಟು. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಹೋಳಿ ಹುಣ್ಣಿಮೆಯ ಆಸುಪಾಸಿನದೇ. ಬಯಲು ಪದದ ಒಂದರ್ಥವನ್ನು ಹಿಡಿದುಕೊಂಡರೆ ಮಲೆನಾಡು ಇನ್ನೊಂದನ್ನು ಬಿಟ್ಟುಕೊಟ್ಟಿಲ್ಲ. ಜೊತೆಗೆ ಇಲ್ಲಿನ ಮಳೆಯ ಲೆಕ್ಕವೂ ಇದೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಹಳ್ಳ ದಾಟಿ ನೆಂಟರ ಮನೆಗೆ ಹೋಗುವುದೂ ಒಂದು ಕಾಲಕ್ಕೆ ಸಾಹಸವೇ ಆಗಿತ್ತು. ಊರೆಲ್ಲ ಒಂದೆಡೆ ಸೇರಲು ಬಿಡುವು ಸಿಗುತ್ತಿದ್ದುದು ಅದಕ್ಕೆ ಮುಂಚೆ ಮಾತ್ರ.

ಹಬ್ಬ ಶುರುವಾಗುವುದು ‘ಸಾರು ಹಾಕುವ’ ಮೂಲಕ. ಅಡುಗೆಯ ಸಾರಲ್ಲ, ಸಾರಿ ಹೇಳುವ ಸಾರು. ಅಲ್ಲಿಂದ ಹಬ್ಬ ಮುಗಿಯುವವರೆಗೆ ಕಟ್ಟುಪಾಡು. ಒಗ್ಗರಣೆ ಹಾಕುವಂತಿಲ್ಲ, ಹಸಿರು ಕಡಿಯುವಂತಿಲ್ಲ, ಕೆಲವೆಡೆ ಚಪ್ಪಲಿ ಮೆಟ್ಟುವಂತಿಲ್ಲ. ನಿಯಮಗಳು ಊರಿಂದ ಊರಿಗೆ ಬೇರೆ. ಊರದೇವತೆಯ ಪೂಜೆ, ಸುಗ್ಗಿ ಕಟ್ಟೆಯ ಬಳಿ ಡೋಲಿನ ಸದ್ದಿಗೆ ಕುಣಿತ, ಬಂದವರಿಗೆಲ್ಲ ಊಟ. ಎಲ್ಲ ಊರಿಗೂ ಒಂದೇ ದಿನ ಹಬ್ಬ ಬರುವುದಿಲ್ಲವಾದ್ದರಿಂದ ಈ ಊರಿನವರು ಆ ಊರಿಗೆ ನೆಂಟರಾಗಿ ಹೋಗಿಬರಬಹುದು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವವರು ದೀಪಾವಳಿಗೆ ತಪ್ಪಿಸಿಕೊಂಡರೂ ಸುಗ್ಗಿಗೆ ಬರುವುದುಂಟು.

ಮಂಗೋಲಿಯಾದ ‘ನಾಡಮ್’ ಹಬ್ಬವೂ ಇಂಥ ಬೇಸಿಗೆಯ ಕೂಟವೇ. ಕುಸ್ತಿ, ಕುದುರೆ ಓಟ, ಬಿಲ್ಲುಗಾರಿಕೆ ಅದರ ಮೂರು ಆಟಗಳು. 1921ರ ಕ್ರಾಂತಿಯ ಬಳಿಕ ಅದು ರಾಷ್ಟ್ರೀಯ ಹಬ್ಬವಾಯಿತು. ಜುಲೈ 11ರಿಂದ ನಡೆಯುವ ಅದನ್ನು 2010ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಹುಲ್ಲುಗಾವಲಿನಲ್ಲಿ ಚದುರಿ ಬದುಕುವ ಕುರಿಗಾಹಿಗಳಿಗೆ ನೆರೆಯವರ ಮುಖ ಕಾಣುವ ಕಾಲ ಅದು. ತೋಟಕ್ಕೊಂದು ಒಂಟಿ ಮನೆಯಿರುವ ಮಲೆನಾಡಿಗರಿಗೆ ಇದು ಬೇಗ ಅರ್ಥವಾಗುವ ಸಂಗತಿ. ಒಂದು ವ್ಯತ್ಯಾಸವೆಂದರೆ ನಾಡಮ್‌ಗೆ ಸರ್ಕಾರದ ಬೆಂಬಲವಿದೆ. ಸುಗ್ಗಿಗೆ ಊರಿನ ವಂತಿಗೆಯೇ ಗತಿ.

ಈಗ ಈ ಹಬ್ಬದ ಕಾಲಡಿಯ ನೆಲವೇ ಬದಲಾಗಿದೆ. 19ನೇ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳು ಈ ಗುಡ್ಡಗಳಲ್ಲಿ ಕಾಫಿ ತೋಟ ಎಬ್ಬಿಸಿದಾಗಲೂ ತಗ್ಗಿನ ಗದ್ದೆಗಳು ಭತ್ತಕ್ಕೇ ಉಳಿದಿದ್ದವು. ಕಾಫಿ ಮಂಡಳಿಯ ಸಾಮೂಹಿಕ ಮಾರಾಟ ಪದ್ಧತಿ ಸಡಿಲಗೊಂಡು 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಮುಕ್ತ ಮಾರುಕಟ್ಟೆ ದೊರೆಯಿತು. ಕಾಫಿಯಿಂದ ಕೈತುಂಬಾ ಹಣ ಕಂಡವರಿಗೆ ಭತ್ತ ನಷ್ಟದ ಬಾಬತ್ತಾಯಿತು. ಆಳಿನ ಕೊರತೆ ಬೇರೆ. ಎಷ್ಟೋ ಗದ್ದೆಗಳು ಪಾಳು ಬಿದ್ದವು, ಕೆಲವು ಅಡಿಕೆಗೆ, ಶುಂಠಿಗೆ, ಕಾಫಿಗೇ ಹೋದವು. ಕಾಫಿಯ ಪಂಚಾಂಗ ಬೇರೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೂಮಳೆಗೆ ಕಾಯಬೇಕು, ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾರಿಸಬೇಕು. ಹೂ ಬಿಟ್ಟ ಮೇಲೆ ಮತ್ತೆ ನೀರು. ‘ಹಸಿರು ಕಡಿಯಬೇಡಿ’ ಎಂಬ ಕಟ್ಟು ತೋಟದ ಮರಗಸಿಯ ಕೆಲಸಕ್ಕೆ ಅಡ್ಡ ಬಂದಾಗ ಹಿರಿಯರೂ ಕಿರಿಯರೂ ಚೌಕಾಶಿ ಮಾಡಬೇಕಾಗುತ್ತದೆ.

ಆದರೂ ಹಬ್ಬ ನಿಂತಿಲ್ಲ. ಅದಕ್ಕೆ ಭಕ್ತಿಯೊಂದೇ ಕಾರಣವೆನ್ನುವುದು ಅರ್ಧಸತ್ಯ. ಸುಗ್ಗಿ ಒಂದು ಬಗೆಯ ಹಾಜರಿ ಪುಸ್ತಕ. ಪೂಜೆ ಯಾವ ಮನೆಯದು, ವಾದ್ಯ ಯಾವ ಕೇರಿಯದು, ಯಾರು ಎಲ್ಲಿ ನಿಲ್ಲಬೇಕು ಎಲ್ಲವೂ ಅಲ್ಲಿ ದಾಖಲು. ಈ ಪಟ್ಟಿಯಲ್ಲಿ ಹಿತವೂ ಇದೆ, ಹಳೆಯ ಜಾತಿಯ ಗೆರೆಗಳೂ ಇವೆ. ಡೋಲು ಬೇಕು, ಡೋಲಿನವನು ಮಾತ್ರ ದೂರ ನಿಲ್ಲಬೇಕು ಎಂಬ ರೂಢಿಯನ್ನು ಸಂಪ್ರದಾಯವೆಂದು ಹೊಗಳಲಾಗದು.

ಇತ್ತೀಚಿನ ವರ್ಷಗಳಲ್ಲಿ ಪಟ್ಟಿಯಲ್ಲೇ ಇಲ್ಲದವರೂ ಬಂದಿದ್ದಾರೆ. ತೋಟದ ಲೈನುಗಳಲ್ಲಿ ಈಗ ಅಸ್ಸಾಮಿನಿಂದ ಬಂದ ಕಾರ್ಮಿಕ ಕುಟುಂಬಗಳಿವೆ. ಏಪ್ರಿಲ್ ಮಧ್ಯದಲ್ಲಿ ಅವರ ಊರಿನಲ್ಲೂ ಬಿಹು, ಅಲ್ಲೂ ಡೋಲು, ಅಲ್ಲೂ ಕುಣಿತ. ಸುಗ್ಗಿಯ ಕಟ್ಟೆಯ ಬಳಿ ಅವರು ಎಲ್ಲಿ ನಿಲ್ಲಬೇಕೆಂದು ಹಳೆಯ ಕಟ್ಟುಪಾಡು ಏನನ್ನೂ ಹೇಳಿಲ್ಲ.