ಅಮೆರಿಕದ ಚಳಿಗಾಲ ಮತ್ತು ಒಂದು ಮೂಲ ಟೇಪು

ಹಳೇ ಎಲ್‌ಪಿ ತಟ್ಟೆಯೊಂದು ಹೊಸದಾಗಿ ಅಚ್ಚಾಗಿ ಬಂದರೆ ಎಲ್ಲರೂ ಹೊದಿಕೆ ಹೇಗಿದೆ, ಸದ್ದು ಹೇಗಿದೆ ಅಂತ ಕೇಳ್ತಾರೆ. ನನಗೆ ಬೇರೆಯದೇ ಕುತೂಹಲ. ಇಷ್ಟು ವರ್ಷ ಆ ಹಾಡುಗಳ ಮೂಲ ಟೇಪು ಯಾರದ್ದಾಗಿತ್ತು? ಈ ಪ್ರಶ್ನೆ ಯಾಕೆ ಅಂತ ನಿಮಗೂ ಅನ್ನಿಸಬೇಕಾದರೆ 'ವಿಂಟರ್ ಇನ್ ಅಮೆರಿಕಾ' ಆಲ್ಬಮ್ಮಿನ ಕತೆ ಹೇಳಬೇಕು.

ಗಿಲ್ ಸ್ಕಾಟ್-ಹೆರಾನ್ ಕವಿ, ಹಾಡುಗಾರ. ಬ್ರಯಾನ್ ಜಾಕ್ಸನ್ ಪಿಯಾನೊ, ಕೊಳಲು ಎರಡನ್ನೂ ನುಡಿಸುವವ. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಆದ ಸ್ನೇಹ. 1973ರಲ್ಲಿ ಇಬ್ಬರೂ ವಾಷಿಂಗ್ಟನ್ ಪಕ್ಕದ ಸಿಲ್ವರ್ ಸ್ಪ್ರಿಂಗಿನ ಪುಟ್ಟ ಸ್ಟುಡಿಯೋದಲ್ಲಿ ಈ ಜಾಝ್-ಫಂಕ್ ಹಾಡುಗಳನ್ನು ಮುದ್ರಿಸಿದರು. ಆಗಿನ ಅಮೆರಿಕ ಹೇಗಿತ್ತು ನೋಡಿ. ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಗಿ ಐದು ವರ್ಷ, ಕಪ್ಪು ಜನರ ಹೋರಾಟದ ಕಾವು ಆರುತ್ತಿತ್ತು, ವಾಟರ್‌ಗೇಟ್ ಹಗರಣ ಬಯಲಾಗುತ್ತಿತ್ತು. ಹೆಸರಿನಲ್ಲಿರುವ ಚಳಿಗಾಲ ಅದೇ.

ಅದಕ್ಕೂ ಮುಂಚೆ ಗಿಲ್ ಫ್ಲೈಯಿಂಗ್ ಡಚ್‌ಮನ್ ಕಂಪೆನಿಗೆ ಮೂರು ಆಲ್ಬಂ ಮಾಡಿಕೊಟ್ಟಿದ್ದ. ಈ ಸಲ ಗೆಳೆಯರು ಹೋಗಿದ್ದು ಸ್ಟ್ರಾಟಾ-ಈಸ್ಟ್‌ಗೆ. 1971ರಲ್ಲಿ ಚಾರ್ಲ್ಸ್ ಟಾಲಿವರ್, ಸ್ಟ್ಯಾನ್ಲಿ ಕವೆಲ್ ಎಂಬ ಇಬ್ಬರು ಕಪ್ಪು ಸಂಗೀತಗಾರರು ಕಟ್ಟಿದ ಸಂಸ್ಥೆ ಅದು. ಅಲ್ಲಿನ ನಿಯಮ ಸರಳ: ಮುದ್ರಣದ ಖರ್ಚು ಕಲಾವಿದರದ್ದು, ಟೇಪಿನ ಒಡೆತನವೂ ಅವರದ್ದೇ. ದೊಡ್ಡ ಕಂಪೆನಿಗಳಲ್ಲಿ ಇದು ತಿರುವುಮುರುವು. ಅಲ್ಲಿ ಟೇಪು ಕಂಪೆನಿಯ ಆಸ್ತಿ. ಮಾರಾಟವಾಗದಿದ್ದರೆ ಗೋದಾಮಿನಲ್ಲೇ ಧೂಳು ತಿನ್ನುತ್ತೆ, ಹಾಡಿದವನು ಏನೂ ಮಾಡುವ ಹಾಗಿಲ್ಲ.

1974ರಲ್ಲಿ ತಟ್ಟೆ ಹೊರಬಂತು. ಅದರಲ್ಲಿನ 'ದಿ ಬಾಟಲ್' ಹಾಡು ಜನಪ್ರಿಯವಾಯ್ತು. ಮನೆ ಹತ್ತಿರದ ಹೆಂಡದಂಗಡಿ ಮುಂದೆ ದಿನಾ ಬೆಳಗ್ಗೆ ಸೇರುತ್ತಿದ್ದವರನ್ನು ಮಾತಾಡಿಸಿ ಗಿಲ್ ಬರೆದದ್ದು. ಅವರಲ್ಲಿ ಒಬ್ಬ ಹಿಂದೆ ಡಾಕ್ಟರಾಗಿದ್ದನಂತೆ. ಜಾಕ್ಸನ್‌ನ ಕೊಳಲಿಗೆ ಮೈ ಕುಣಿಯುತ್ತೆ, ಮಾತಿನ ಕಡೆ ಕಿವಿ ಹೋದರೆ ಕಾಲು ನಿಲ್ಲುತ್ತೆ. ಇದೇ ಹಾಡಿನ ಬಲದಿಂದ ಕ್ಲೈವ್ ಡೇವಿಸ್‌ನ ಅರಿಸ್ಟಾ ಕಂಪೆನಿ ಇವರನ್ನು ಕರೆಸಿಕೊಂಡಿತು. ತಮಾಷೆ ಅಂದ್ರೆ, 'ವಿಂಟರ್ ಇನ್ ಅಮೆರಿಕಾ' ಅನ್ನೋ ಹಾಡು ಈ 1974ರ ತಟ್ಟೆಯಲ್ಲಿಲ್ಲ! ಅದು ಬಂದದ್ದು 1975ರಲ್ಲಿ, ಅರಿಸ್ಟಾದ ಮೊದಲ ಆಲ್ಬಮ್ಮಿನಲ್ಲಿ.

ಆಮೇಲಿನದ್ದು ದುಃಖದ ಕತೆ. 1985ರಲ್ಲಿ ಅರಿಸ್ಟಾ ಕೈಬಿಟ್ಟಿತು. ಕುಡುಕರ ಸಂಕಟ ಹಾಡಿದವನೇ ಕೊಕೇನಿಗೆ ಬಿದ್ದ, ಜೈಲು ಕಂಡ, 2011ರಲ್ಲಿ ತೀರಿಕೊಂಡ. ಆದರೆ ಸ್ಟ್ರಾಟಾ-ಈಸ್ಟ್‌ನ ಆ ನಿಯಮ ಅವನನ್ನು ಕೈಬಿಡಲಿಲ್ಲ. 1998ರಲ್ಲಿ 'ವಿಂಟರ್ ಇನ್ ಅಮೆರಿಕಾ' ಸಿಡಿಯಾಗಿ ಮರಳಿದಾಗ ಅದರ ಮೇಲಿದ್ದದ್ದು ಅವನ ಸ್ವಂತ ಲೇಬಲ್ ರುಮಾಲ್-ಜಿಯಾದ ಹೆಸರು. ಮುಂದೆ ಎಲ್‌ಪಿಯಾಗಿಯೂ ಮತ್ತೆ ಬಂತು. ಒಟ್ಟು 44 ನಿಮಿಷ, ಎರಡು ಮಗ್ಗುಲಿಗೆ ಹದವಾಗಿ ಕೂರುವಷ್ಟು.

ಬಡವರ ಪರ ಹಾಡುವುದು ಒಂದು ಧೈರ್ಯ. ಆ ಹಾಡನ್ನು ತನ್ನ ಕೈಯಲ್ಲೇ ಉಳಿಸಿಕೊಳ್ಳುವುದು ಇನ್ನೊಂದು, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡಲ್ಲ. ಮುಂದಿನ ಸಲ ಮರುಮುದ್ರಣ ಕೊಂಡಾಗ ಹೊದಿಕೆ ತಿರುಗಿಸಿ, ಕೆಳಗಿನ ಸಣ್ಣಕ್ಷರದಲ್ಲಿ ಹಕ್ಕು ಯಾರದ್ದು ಅಂತ ಓದಿ ನೋಡಿ.