ಮಂಜುಗಡ್ಡೆಯ ಮಳೆ, ಅವಸರದ ಗರಗಸ

1998ರ ಜನವರಿ 5ರಿಂದ 10ರವರೆಗೆ ಕೆನಡಾದ ಸೇಂಟ್ ಲಾರೆನ್ಸ್ ಕಣಿವೆಯಲ್ಲಿ ಸುರಿದ ಮಳೆಯ ಚರಿತ್ರೆಯನ್ನು ಸಾಮಾನ್ಯವಾಗಿ ವಿದ್ಯುತ್ತಿನ ಚರಿತ್ರೆಯಾಗಿಯೇ ಬರೆಯುತ್ತಾರೆ. ಸುಮಾರು ಒಂದು ಸಾವಿರ ಉಕ್ಕಿನ ಗೋಪುರಗಳು ಮಡಚಿ ಬಿದ್ದವು, ಮೂವತ್ತು ಸಾವಿರಕ್ಕೂ ಹೆಚ್ಚು ಮರದ ಕಂಬಗಳು ಉರುಳಿದವು, ಕ್ವಿಬೆಕ್ ಪ್ರಾಂತ್ಯದಲ್ಲೇ ಸುಮಾರು 14 ಲಕ್ಷ ಗ್ರಾಹಕರಿಗೆ ಕರೆಂಟು ಹೋಯಿತು. ಮಾಂಟ್ರಿಯಲ್‌ನ ದಕ್ಷಿಣಕ್ಕೆ ಕೆಲವೂರುಗಳಲ್ಲಿ ವಾರಗಟ್ಟಲೆ ಕತ್ತಲೆ ಇದ್ದುದರಿಂದ ಆ ಭಾಗಕ್ಕೆ 'ಕಪ್ಪು ತ್ರಿಕೋನ' ಎಂದೇ ಹೆಸರು ಬಿತ್ತು. ಜನರ ನೆರವಿಗೆ ಹದಿನೈದು ಸಾವಿರಕ್ಕೂ ಹೆಚ್ಚು ಸೈನಿಕರು ಬಂದರು. ಮರಗಳಿಗೆ ಈ ಕಥೆಯಲ್ಲಿ ಸಿಕ್ಕಿದ್ದು ತಂತಿಯ ಮೇಲೆ ಬಿದ್ದ ಅಪರಾಧಿಯ ಪಾತ್ರ, ಇಲ್ಲವೇ ಪತ್ರಿಕೆಯ ಫೋಟೊದಲ್ಲಿ ಗಾಜಿನಂತೆ ಹೊಳೆಯುವ ಹೆಣದ ಪಾತ್ರ. ಆದರೆ ಆ ವಾರ ಮುರಿದ ಕೋಟ್ಯಂತರ ಮರಗಳ ಮುಂದಿನ ಬದುಕನ್ನು ಹಿಂಬಾಲಿಸಿದರೆ ಬೇರೆಯೇ ಚರಿತ್ರೆ ಕಾಣುತ್ತದೆ. ಮರ ಮುರಿದ ಮೊದಲ ವಾರಗಳಲ್ಲಿ ಮನುಷ್ಯ ಹಾಕಿದ ಸಾವಿನ ಲೆಕ್ಕ ಬಹುಮಟ್ಟಿಗೆ ತಪ್ಪಿತ್ತು. ಆ ಲೆಕ್ಕವನ್ನು ನಂಬಿ ಹೊರಟ ಗರಗಸ, ಮಂಜುಗಡ್ಡೆ ಉಳಿಸಿಹೋದದ್ದನ್ನೂ ಎಷ್ಟೋ ಕಡೆ ಕೆಡವಿತು. ಹಾಗಾಗಿ ಇಂಥ ಮಳೆಯ ಬಗ್ಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಎಷ್ಟು ಮಿಲಿಮೀಟರ್ ಬಿತ್ತು ಎಂಬುದಲ್ಲ. ಅದಕ್ಕೆ ಮೊದಲು ಏನು ನೆಟ್ಟಿದ್ದರು, ಆಮೇಲೆ ಏನು ಕಡಿದರು ಎಂಬುದು.

ಈ ಮಳೆ ನಮ್ಮ ಕಡೆಯ ಆಲಿಕಲ್ಲಿನಂಥದಲ್ಲ. ಆಲಿಕಲ್ಲು ಹೊಡೆದು ಹೋಗುತ್ತದೆ, ಇದು ಭಾರ ಹೊರಿಸಿ ನಿಲ್ಲುತ್ತದೆ. ಮೇಲೆ ಬೆಚ್ಚನೆಯ ಗಾಳಿಯ ಪದರ, ಕೆಳಗೆ ನೆಲಕ್ಕಂಟಿಕೊಂಡು ಶೂನ್ಯಕ್ಕಿಂತ ತಣ್ಣಗಿರುವ ತೆಳು ಪದರ. ಮೇಲಿನಿಂದ ಬರುವ ಹಿಮ ನಡುವೆ ಕರಗಿ ನೀರಾಗುತ್ತದೆ. ಕೆಳಗಿನ ಚಳಿಯಲ್ಲಿ ಮತ್ತೆ ಗಟ್ಟಿಯಾಗುವಷ್ಟು ಹೊತ್ತು ಸಿಗದೆ ನೀರಾಗಿಯೇ ಇಳಿದು, ಕೊಂಬೆಯನ್ನೋ ತಂತಿಯನ್ನೋ ಮುಟ್ಟಿದೊಡನೆ ಅಲ್ಲೇ ಗಡ್ಡೆಕಟ್ಟುತ್ತದೆ. ಸೇಂಟ್ ಲಾರೆನ್ಸ್ ಕಣಿವೆ ಈಶಾನ್ಯದ ಚಳಿಗಾಳಿಯನ್ನು ನೆಲಮಟ್ಟದಲ್ಲಿ ಹಿಡಿದಿಡುವುದರಿಂದ ಅಲ್ಲಿ ಇದು ಹೊಸದೇನಲ್ಲ. 1961ರಲ್ಲೂ 1986ರಲ್ಲೂ ದೊಡ್ಡ ಮಳೆಗಳಾಗಿದ್ದವು. ಆದರೆ ಅವು 30ರಿಂದ 40 ಮಿಲಿಮೀಟರಿನವು. 1998ರಲ್ಲಿ ಬಿಟ್ಟುಬಿಟ್ಟು ಎಂಬತ್ತು ಗಂಟೆಗೂ ಮೀರಿ ಸುರಿದು, ಮಾಂಟ್ರಿಯಲ್ ಸುತ್ತ ಕೆಲವೆಡೆ ನೂರು ಮಿಲಿಮೀಟರ್ ಮುಟ್ಟಿತು. ಇಂಥ ಭಾರದ ಕೆಳಗೆ ಎಲ್ಲ ಮರಗಳೂ ಒಂದೇ ರೀತಿ ಸೋಲುವುದಿಲ್ಲ. ಅಮೆರಿಕದ ಇಲಿನಾಯ್ ರಾಜ್ಯದ ಅರ್ಬಾನಾ ಪಟ್ಟಣದಲ್ಲಿ 1990ರ ಫೆಬ್ರವರಿಯಲ್ಲಿ ಬಿದ್ದ ಇದೇ ಬಗೆಯ ಮಳೆಯ ಬಳಿಕ ರಿಚರ್ಡ್ ಹಾವರ್ ಮತ್ತು ಸಂಗಡಿಗರು ಬೀದಿಮರಗಳನ್ನು ಜಾತಿವಾರು ಪರೀಕ್ಷಿಸಿದರು. ಬೇಗ ಬೆಳೆದು, ತಲೆಯನ್ನು ಅಗಲಕ್ಕೆ ಹರಡಿ, ಇಕ್ಕಟ್ಟಾದ ಕವಲುಗಳಲ್ಲಿ ತೊಗಟೆ ಸಿಕ್ಕಿಸಿಕೊಂಡು ನಿಂತಿದ್ದ ಸೈಬೀರಿಯನ್ ಎಲ್ಮ್, ಸಿಲ್ವರ್ ಮೇಪಲ್‌ನಂಥವು ಹೆಚ್ಚು ಸೀಳಿದ್ದವು. ಗಿಂಕೊ, ಬಾಲ್ಡ್ ಸೈಪ್ರಸ್, ಕೆಲವು ಓಕ್‌ಗಳು ನಿಂತಿದ್ದವು. ಬೇಗ ನೆರಳು ಬೇಕೆಂದು ಪಟ್ಟಣಗಳು ಆರಿಸಿದ್ದು ಮೊದಲ ಗುಂಪನ್ನು. ಅಂದಮೇಲೆ ಹಾನಿಯ ಒಂದು ಪಾಲು ಮಳೆಗೆ ದಶಕಗಳ ಮೊದಲೇ, ಸಸಿ ನೆಡುವ ದಿನವೇ ತೀರ್ಮಾನವಾಗಿತ್ತು.

ಕಾಡಿನ ಮಾತು ತೆಗೆದುಕೊಂಡರೆ ಮಾಂಟ್ರಿಯಲ್‌ಗೆ ಹತ್ತಿರದ ಮೋಂ ಸೆಂತಿಲೇರ್ ಬೆಟ್ಟಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ವಶದಲ್ಲಿರುವ ಅಲ್ಲಿನ ಕಾಡು ಬೀಚ್ ಮತ್ತು ಮೇಪಲ್‌ಗಳ ಹಳೆಯ ಕಾಡು. 1983ರ ಮಳೆಯ ನಂತರವೂ ಅಲ್ಲಿ ಅಧ್ಯಯನ ನಡೆದಿದ್ದರಿಂದ ಹೋಲಿಕೆಗೆ ಆಧಾರವಿತ್ತು. 1998ರ ಮಳೆಯಲ್ಲಿ ಹತ್ತು ಸೆಂಟಿಮೀಟರಿಗಿಂತ ದಪ್ಪದ ಮರಗಳಲ್ಲಿ ಏಟು ತಿನ್ನದೆ ಉಳಿದದ್ದು ನೂರಕ್ಕೆ ಮೂರು ಮಾತ್ರ. ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಮರಗಳು ತಲೆಯ ಅರ್ಧಕ್ಕೂ ಮೀರಿ ಕಳೆದುಕೊಂಡವು, ಇಲ್ಲವೇ ಕಾಂಡವೇ ಮುರಿದು ಅಥವಾ ನೆಲಕ್ಕೆ ಬಾಗಿ ನಿಂತವು. ಈ ಅಂಕಿಯನ್ನಷ್ಟೇ ಓದಿದವರು ಕಾಡು ಮುಗಿಯಿತು ಎಂದುಕೊಂಡಾರು. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿ ಹೆಚ್ಚು ಜನರ ಕಣ್ಣಿಗೆ ಬೀಳುವುದಿಲ್ಲ: ನೆಲಕ್ಕುರುಳಿದ ಮರಮುಟ್ಟು ಕಾಡಿನ ಒಟ್ಟು ತೂಕದ ಸುಮಾರು ಹತ್ತನೆಯ ಒಂದು ಭಾಗವನ್ನು ಮೀರಲಿಲ್ಲ. ಏಟು ಹೆಚ್ಚುಕಡಿಮೆ ಎಲ್ಲ ಮರಕ್ಕೂ ಬಿದ್ದಿತ್ತು, ಆದರೆ ನಷ್ಟ ಅಷ್ಟು ದೊಡ್ಡದಾಗಿರಲಿಲ್ಲ. ಕಣ್ಣು ಎಣಿಸುವುದು ಮುರಿದ ಕೊಂಬೆಗಳನ್ನು. ಕಾಂಡ ಮತ್ತು ಬೇರಿನಲ್ಲಿ ಉಳಿದಿರುವ ಬಂಡವಾಳ ಅದಕ್ಕೆ ಕಾಣುವುದಿಲ್ಲ.

ಆ ಚಳಿಗಾಲದಲ್ಲಿ ಈ ವ್ಯತ್ಯಾಸ ಯಾರಿಗಾದರೂ ಅನ್ನದ ಪ್ರಶ್ನೆಯಾಗಿದ್ದರೆ ಅದು ಮೇಪಲ್ ರಸದ ರೈತರಿಗೆ. ಜಗತ್ತಿನ ಮೇಪಲ್ ಸಿರಪ್‌ನ ಬಹುಪಾಲು ಕ್ವಿಬೆಕ್‌ನಿಂದ ಬರುತ್ತದೆ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಾರ್ಚ್ ತಿಂಗಳಲ್ಲಿ ಕಾಂಡಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಸುಮಾರು ನಲವತ್ತು ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಮಳೆ ಬಿದ್ದದ್ದು ಜನವರಿಯಲ್ಲಿ, ಅಂದರೆ ಸುಗ್ಗಿಗೆ ಎರಡೇ ತಿಂಗಳು ಉಳಿದಾಗ. ಮರದಿಂದ ಮರಕ್ಕೆ ಎಳೆದಿದ್ದ ಪ್ಲಾಸ್ಟಿಕ್ ಕೊಳವೆಗಳು ಕೊಂಬೆಗಳಡಿ ಹೂತುಹೋಗಿದ್ದವು, ತೋಪಿಗೆ ಕಾಲಿಡುವುದೇ ಅಪಾಯವಾಗಿತ್ತು. ಸಸಿ ನೆಟ್ಟರೆ ತೂತು ಕೊರೆಯುವಷ್ಟು ದಪ್ಪವಾಗಲು ಮೂವತ್ತು ನಲವತ್ತು ವರ್ಷ ಬೇಕು. ತೋಪನ್ನೇ ಕಡಿದು ಮರಮುಟ್ಟಿನ ದುಡ್ಡಾದರೂ ಮಾಡಿಕೊಳ್ಳೋಣ ಎಂಬ ಯೋಚನೆ ಬಂದವರನ್ನು ಯಾರೂ ಮೂರ್ಖರೆನ್ನಲಾರರು. ಆದರೆ ಅಮೆರಿಕದ ಅರಣ್ಯ ಸೇವೆಯ ವಾಲ್ಟರ್ ಶಾರ್ಟಲ್ ಮತ್ತು ಕೆವಿನ್ ಸ್ಮಿತ್ ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳಲ್ಲಿ ಗಾಯಗೊಂಡ ಮರಗಳ ವಾರ್ಷಿಕ ಉಂಗುರಗಳನ್ನು ಅಳೆದಾಗ ಕಂಡದ್ದು ಬೇರೆ. ತಲೆಯ ಅರ್ಧಕ್ಕಿಂತ ಕಡಿಮೆ ಕಳೆದುಕೊಂಡ ಮರಗಳು ಬಹುಪಾಲು ಬದುಕಿದವು, ಬೆಳವಣಿಗೆಯನ್ನೂ ಉಳಿಸಿಕೊಂಡವು. ಹದಿನೈದು ವರ್ಷದ ನಂತರ ಮತ್ತೆ ಲೆಕ್ಕ ತೆಗೆದಾಗ, ಮುಕ್ಕಾಲು ತಲೆ ಹೋಗಿದ್ದ ಮೇಪಲ್‌ಗಳಲ್ಲೂ ಮೊದಲು ಊಹಿಸಿದ್ದಕ್ಕಿಂತ ಹೆಚ್ಚು ಮರಗಳು ಜೀವಂತವಾಗಿದ್ದವು. ತೊಗಟೆಯಡಿ ವರ್ಷಗಟ್ಟಲೆ ಸುಪ್ತವಾಗಿದ್ದ ಮೊಗ್ಗುಗಳು ಬೆಳಕು ಬಿದ್ದೊಡನೆ ಚಿಗುರಿ, ಹೊಸ ಹಂದರವನ್ನೇ ಕಟ್ಟಿದ್ದವು.

ಗಾಯದ ಒಳಗೆ ನಡೆಯುವುದೇನು ಎಂಬುದನ್ನು 1998ರ ಮಳೆಗೂ ಎರಡು ದಶಕ ಮೊದಲೇ ತೋರಿಸಿದವನು ಅಲೆಕ್ಸ್ ಶೈಗೊ. ಅದೇ ಅರಣ್ಯ ಸೇವೆಯ ಈ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದ. ಪ್ರಾಣಿಯ ಗಾಯ ಮಾಯುತ್ತದೆ, ಮರದ ಗಾಯ ಮಾಯುವುದಿಲ್ಲ; ಮರ ಅದರ ಸುತ್ತ ಗೋಡೆ ಕಟ್ಟಿ ಕೊಳೆತವನ್ನು ಬಂಧಿಸಿ, ಹೊರಗೆ ಹೊಸ ಪದರ ಬೆಳೆಸಿಕೊಂಡು ಮುಂದುವರಿಯುತ್ತದೆ ಎಂಬ ಅವನ ಮಾದರಿ 1977ರಲ್ಲಿ ಪ್ರಕಟವಾಯಿತು. ಇದರ ಜತೆಗೇ ಅವನು ಮರ ಸವರುವವರ ಎರಡು ಹಳೆಯ ಪದ್ಧತಿಗಳನ್ನು ತಳ್ಳಿಹಾಕಿದ. ಒಂದು, ಕೊಂಬೆಯನ್ನು ಕಾಂಡಕ್ಕೆ ಸಮನಾಗಿ, ಬುಡದ ಉಬ್ಬು ಸಮೇತ ಕತ್ತರಿಸುವುದು. ಆ ಉಬ್ಬಿನಲ್ಲೇ ಮರದ ರಕ್ಷಣೆಯ ವ್ಯವಸ್ಥೆ ಇರುವುದರಿಂದ ಅದನ್ನು ತೆಗೆದರೆ ಕೊಳೆತಕ್ಕೆ ಬಾಗಿಲು ತೆರೆದಂತೆ. ಇನ್ನೊಂದು, ಗಾಯಕ್ಕೆ ಟಾರು, ಬಣ್ಣ ಬಳಿಯುವುದು. ಅದು ಕೊಳೆತವನ್ನು ತಡೆಯುವುದಿಲ್ಲ. ಮಂಜುಗಡ್ಡೆ ಮಳೆಯ ನಂತರದ ವಾರಗಳು ಈ ಎರಡು ತಪ್ಪುಗಳ ಜತೆಗೆ ಮೂರನೆಯ ಒಂದಕ್ಕೂ, ಅಂದರೆ ಮರದ ತಲೆ ಬೋಳಿಸಿ 'ಸಮ' ಮಾಡುವ ಚಟಕ್ಕೂ ಸುಗ್ಗಿಯ ಕಾಲ. ಅರ್ಧ ತಲೆ ಕಳೆದುಕೊಂಡ ಮರದಿಂದ ಉಳಿದರ್ಧವನ್ನೂ ಕಿತ್ತುಕೊಂಡು, ಅದಕ್ಕೆ ಚಿಕಿತ್ಸೆ ಎಂದು ಬಿಲ್ಲು ಬರೆಯುವ ವೃತ್ತಿಗೆ ಲೋಕದಲ್ಲಿ ಎಲ್ಲೂ ಕೊರತೆಯಿಲ್ಲ.

ಒಂದೊಂದು ಮರದ ಮಟ್ಟದಲ್ಲಿ ಗರಗಸ ಮಾಡಿದ್ದನ್ನೇ ಕಾಡಿನ ಮಟ್ಟದಲ್ಲಿ ಸರ್ಕಾರಗಳು ಮಾಡಿದ್ದುಂಟು. ಇದಕ್ಕೆ ದೊಡ್ಡ ಉದಾಹರಣೆ ಮಂಜುಗಡ್ಡೆಯದಲ್ಲ, ಗಾಳಿಯದು. ಆದರೆ ಪ್ರದೇಶ ಅದೇ, ಮರಗಳೂ ಬಹುಮಟ್ಟಿಗೆ ಅವೇ. 1938ರ ಸೆಪ್ಟೆಂಬರ್ 21ರ ಚಂಡಮಾರುತ ಅಮೆರಿಕದ ಈಶಾನ್ಯ ಭಾಗವಾದ ನ್ಯೂ ಇಂಗ್ಲೆಂಡಿನ ಕಾಡುಗಳನ್ನು ನೆಲಕ್ಕೆ ಮಲಗಿಸಿತು. ಒಣಗಿದರೆ ಬೆಂಕಿ ಬೀಳುತ್ತದೆ ಎಂಬ ಭಯ, ಮರಮುಟ್ಟು ಹಾಳಾಗುತ್ತದೆ ಎಂಬ ಚಿಂತೆ, ಆರ್ಥಿಕ ಕುಸಿತದ ಕಾಲದಲ್ಲಿ ಉದ್ಯೋಗ ಕೊಡಬೇಕಾದ ಒತ್ತಡ, ಮೂರೂ ಸೇರಿ ಸಂಯುಕ್ತ ಸರ್ಕಾರ ಪ್ರತ್ಯೇಕ ಸಂಸ್ಥೆಯನ್ನೇ ಕಟ್ಟಿ ದಿಮ್ಮಿಗಳನ್ನು ಕೊಂಡು, ಹುಳು ಹಿಡಿಯದಂತೆ ಕೆರೆಕೊಳಗಳಲ್ಲಿ ಮುಳುಗಿಸಿಟ್ಟಿತು. ಮ್ಯಾಸಚೂಸೆಟ್ಸ್‌ನ ಹಾರ್ವರ್ಡ್ ಫಾರೆಸ್ಟ್‌ನ ಸಂಶೋಧಕರು ದಶಕಗಳ ನಂತರ ಒಂದು ಪ್ರಶ್ನೆ ಎತ್ತಿದರು: ಮಣ್ಣು, ತೊರೆ, ಮರುಹುಟ್ಟುಗಳ ಮೇಲೆ ಹೆಚ್ಚು ಪರಿಣಾಮ ಮಾಡಿದ್ದು ಗಾಳಿಯೇ, ಈ ತೆರವು ಕೆಲಸವೇ? ಉತ್ತರಕ್ಕಾಗಿ 1990ರಲ್ಲಿ ಕಾಡಿನ ಒಂದು ತುಂಡಿನಲ್ಲಿ ದೊಡ್ಡ ಮರಗಳನ್ನು ಹಗ್ಗ ಕಟ್ಟಿ ಎಳೆದು ಕೆಡವಿ, ಏನನ್ನೂ ತೆಗೆಯದೆ ಹಾಗೇ ಬಿಟ್ಟರು. ಬಿದ್ದ ಮರಗಳಲ್ಲಿ ಹೆಚ್ಚಿನವು ಮರುವರ್ಷ ಮಲಗಿದಲ್ಲೇ ಎಲೆ ಬಿಟ್ಟವು. ಆರೇಳು ವರ್ಷಗಳಲ್ಲಿ ಬಹುಪಾಲು ಸತ್ತವು ಎಂಬುದೂ ನಿಜ. ಆದರೆ ಅಷ್ಟರಲ್ಲಿ ಕೆಳಗಿನ ಸಸಿಗಳೂ ಬುಡದ ಚಿಗುರುಗಳೂ ಜಾಗ ತುಂಬಿದ್ದವು. ಮಣ್ಣಿನ ಪೋಷಕಾಂಶಗಳ ಚಲನೆ ಹೆಚ್ಚು ಕದಡಲಿಲ್ಲ. ಸಾಯುತ್ತಿರುವ ಮರವೂ ಕಾಡಿಗೆ ಹೊತ್ತು ಸಂಪಾದಿಸಿಕೊಡುತ್ತದೆ. ಅದನ್ನು ಹೊತ್ತೊಯ್ದರೆ ಆ ಹೊತ್ತೂ ಹೋಗುತ್ತದೆ.

ಇದಕ್ಕೆ ಬಲವಾದ ಆಕ್ಷೇಪ ಸ್ಲೊವೇನಿಯಾದಿಂದ ಬರುತ್ತದೆ, ಅದನ್ನು ಪಕ್ಕಕ್ಕೆ ಸರಿಸುವಂತಿಲ್ಲ. 2014ರ ಜನವರಿ ಕೊನೆ ಮತ್ತು ಫೆಬ್ರವರಿ ಮೊದಲ ದಿನಗಳಲ್ಲಿ ಆ ಪುಟ್ಟ ದೇಶದ ಅರ್ಧದಷ್ಟು ಕಾಡು ಮಂಜುಗಡ್ಡೆಯಿಂದ ಮುರಿಯಿತು. 90 ಲಕ್ಷ ಘನ ಮೀಟರಿಗೂ ಹೆಚ್ಚು ಮರ ಹಾನಿಗೊಳಗಾಯಿತು. ಮುರಿದ ಸ್ಪ್ರೂಸ್ ಮರಗಳಲ್ಲಿ ತೊಗಟೆ ಕೊರೆಯುವ ದುಂಬಿ ಬೆಳೆದು, ಮುಂದಿನ ವರ್ಷಗಳಲ್ಲಿ ನಿಂತಿದ್ದ ಆರೋಗ್ಯವಂತ ಮರಗಳಿಗೂ ಹಬ್ಬಿತು. ಅಲ್ಲಿ ಬೇಗ ಕಡಿದು ಸಾಗಿಸಬೇಕಾಗಿದ್ದದ್ದು ನಿಜವಾದ ಅಗತ್ಯ. ಕೈಕಟ್ಟಿ ಕೂರುವುದು ಅಪರಾಧವಾಗುತ್ತಿತ್ತು. ಹಾಗಾದರೆ ನನ್ನ ವಾದ ಬಿತ್ತೇ? ಬೀಳಲಿಲ್ಲ, ಅದರ ಎಲ್ಲೆ ಗೊತ್ತಾಯಿತು. ಸ್ಪ್ರೂಸ್‌ನಂಥ ಸೂಚಿಪರ್ಣಿಗೆ ಮೇಪಲ್‌ನಂತೆ ಮುರಿದ ಕಾಂಡದಿಂದ ಚಿಗುರಿ ಏಳುವ ಶಕ್ತಿಯಿಲ್ಲ, ಅದನ್ನು ಹೊಂಚುವ ದುಂಬಿ ಇದೆ. ಮೇಲಾಗಿ ಮಧ್ಯ ಯುರೋಪಿನ ಎಷ್ಟೋ ಕಡೆ ಸ್ಪ್ರೂಸ್ ಅಷ್ಟು ದಟ್ಟವಾಗಿ ನಿಂತಿರುವುದು ಮರಮುಟ್ಟಿನ ಆಸೆಯಿಂದ ಮನುಷ್ಯ ನೆಟ್ಟದ್ದರಿಂದ. 2008ರ ಜನವರಿ, ಫೆಬ್ರವರಿಯಲ್ಲಿ ದಕ್ಷಿಣ ಚೀನಾದಲ್ಲಿ ಸುಮಾರು 2 ಕೋಟಿ ಹೆಕ್ಟೇರ್ ಕಾಡು, ಅಂದರೆ ದೇಶದ ಕಾಡಿನ ಹತ್ತನೆಯ ಒಂದು ಭಾಗ, ಇದೇ ರೀತಿ ಜಖಂ ಆದಾಗಲೂ ಬಿದಿರಿನ ತೋಪುಗಳು, ಅಮೆರಿಕದಿಂದ ತಂದು ನೆಟ್ಟ ಸ್ಲಾಷ್ ಪೈನ್ ತೋಪುಗಳು ತುಂಬ ಪೆಟ್ಟು ತಿಂದವು. ಮತ್ತೆ ನೆಟ್ಟ ಕೈಯ ಹತ್ತಿರಕ್ಕೇ ಬಂದೆವು.

ನಗರದ ಆಕ್ಷೇಪ ಇನ್ನೂ ಸರಳ: ತಲೆಯ ಮೇಲೆ ತೂಗುವ ಕೊಂಬೆಯ ಕೆಳಗೆ ಮಕ್ಕಳು ಓಡಾಡುತ್ತಾರೆ. ಒಪ್ಪಲೇಬೇಕು. ತೂಗುವ ಕೊಂಬೆಯನ್ನು, ಬುಡ ಸೀಳಿದ ಮರವನ್ನು ಅಂದೇ ತೆಗೆಯಬೇಕು. ಆದರೆ ಅಪಾಯದ ಹೆಸರಿನಲ್ಲಿ ಹೊರಟ ತಂಡ ಅಪಾಯದ ಬಳಿಯೇ ನಿಲ್ಲುವುದು ಅಪರೂಪ. ಕಣ್ಣಿಗೆ ವಿಕಾರವಾಗಿ ಕಂಡ ಮರವೂ ಅದೇ ಲಾರಿ ಹತ್ತುತ್ತದೆ. ಹಾಗೆ ತೆರವಾದ ಜಾಗ ಖಾಲಿಯಾಗಿ ಉಳಿಯುವುದೂ ಇಲ್ಲ. ಮಾಂಟ್ರಿಯಲ್‌ನ ನಡುವೆ, ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ರೂಪಿಸಿ 1876ರಲ್ಲಿ ತೆರೆದ ಮೌಂಟ್ ರಾಯಲ್ ಉದ್ಯಾನದ ಕಾಡಿನಲ್ಲಿ, ಬೀದಿಬದಿಗೆಂದು ಯುರೋಪಿನಿಂದ ತರಿಸಿದ ನಾರ್ವೆ ಮೇಪಲ್ ಮತ್ತು ಬಕ್‌ಥಾರ್ನ್ ಪೊದೆ ಬೆಳಕು ಕಂಡಲ್ಲೆಲ್ಲ ನುಗ್ಗಿ ಸ್ಥಳೀಯ ಸಕ್ಕರೆ ಮೇಪಲ್‌ನ ಸಸಿಗಳನ್ನು ತಳ್ಳುತ್ತಿವೆ. ಹಂದರವನ್ನು ಬೇಕಾದುದಕ್ಕಿಂತ ಹೆಚ್ಚು ತೆರೆದಷ್ಟೂ ಅನುಕೂಲ ಅವುಗಳಿಗೇ.

ಮಣ್ಣಿನ ವಿಷಯದ ಇನ್ನೊಂದು ಶಂಕೆಯೂ ಉಂಟು: ಕಡಿಯದೆ ಬಿಟ್ಟರೂ ಮುರಿದ ಕಾಡು ತನ್ನ ಸಾರವನ್ನು ಸೋರಿಸಿಕೊಳ್ಳುವುದಿಲ್ಲವೇ? ನ್ಯೂ ಹ್ಯಾಂಪ್‌ಶೈರಿನ ಹಬ್ಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯದಲ್ಲಿ 1998ರ ಮಳೆಯ ನಂತರ ತೊರೆಯ ನೀರಿನಲ್ಲಿ ನೈಟ್ರೇಟ್ ಏರಿದ್ದು ನಿಜ. ಬೇರುಗಳು ಹೀರುವುದನ್ನು ಕಡಿಮೆ ಮಾಡಿದ್ದವು. ಕೆಲವು ವರ್ಷಗಳಲ್ಲಿ ಅದು ಇಳಿಯಿತು. ಮಳೆ ಬರುವವರೆಗೆ ಕಾಯುವುದು ಸಾಧ್ಯವಿಲ್ಲದ್ದರಿಂದ 2016ರಿಂದ ಅಲ್ಲಿನ ವಿಜ್ಞಾನಿಗಳು ಕೊರೆಯುವ ಚಳಿಯಲ್ಲಿ ತೊರೆಯ ನೀರನ್ನು ಪಂಪಿನಿಂದ ಮರಗಳ ನೆತ್ತಿಗೆ ಎರಚಿ, ತಾವೇ ಮಂಜುಗಡ್ಡೆ ಹೊದಿಸಿ ಪರೀಕ್ಷಿಸಿದರು. ದಪ್ಪವನ್ನು ಅಳತೆ ಮಾಡಿ ಹೊದಿಸಿದ್ದರಿಂದ, ಎಷ್ಟು ಭಾರಕ್ಕೆ ಎಷ್ಟು ಹಾನಿ ಎಂಬುದಕ್ಕೆ ಊಹೆಯ ಬದಲು ಪ್ರಯೋಗದ ಉತ್ತರ ಸಿಗತೊಡಗಿತು.

1998ರ ಬಳಿಕ ಕ್ವಿಬೆಕ್ ವಿದ್ಯುತ್ ಜಾಲದ ವೈಫಲ್ಯವನ್ನು ನಿಕೊಲೆ ಆಯೋಗದ ಮೂಲಕ ವಿಚಾರಣೆ ಮಾಡಿಸಿತು; ಒಂದು ಗೋಪುರ ಬಿದ್ದರೆ ಸಾಲು ಪೂರ್ತಿ ಬೀಳದಂತೆ ಮಾರ್ಗಗಳನ್ನು ಗಟ್ಟಿಗೊಳಿಸಿತು. ಇಪ್ಪತ್ತೈದು ವರ್ಷದ ನಂತರ, 2023ರ ಏಪ್ರಿಲ್ 5ರಂದು, ಅದಕ್ಕಿಂತ ತುಂಬ ಸಣ್ಣ ಮಂಜುಗಡ್ಡೆ ಮಳೆ ಮಾಂಟ್ರಿಯಲ್ ಮೇಲೆ ಬಿತ್ತು. ಉಕ್ಕಿನ ಗೋಪುರಗಳು ನಿಂತೇ ಇದ್ದವು. ಹನ್ನೊಂದು ಲಕ್ಷದಷ್ಟು ಗ್ರಾಹಕರಿಗೆ ಕರೆಂಟು ಹೋದದ್ದು ಮುಖ್ಯವಾಗಿ ಬೀದಿಯ ತಂತಿಗಳ ಮೇಲೆ ಕೊಂಬೆಗಳು ಮುರಿದು ಬಿದ್ದದ್ದರಿಂದ.