ಅಪರಿಚಿತರ ಮಜ್ಜೆ

ರಕ್ತದ ಗುಂಪುಗಳನ್ನು ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ಅಸ್ಥಿಮಜ್ಜೆಯ ಹೊಂದಿಕೆ ಅದಕ್ಕಿಂತ ಬಹಳ ಕಠಿಣವಾದುದು. ಅಲ್ಲಿ ನೋಡುವುದು ಎಚ್‌ಎಲ್‌ಎ ಎಂಬ ಗುರುತುಗಳನ್ನು. ಇವುಗಳಲ್ಲಿ ಮೊದಲನೆಯದನ್ನು 1958ರಲ್ಲಿ ಕಂಡುಹಿಡಿದವರು ಫ್ರಾನ್ಸಿನ ಜಾಂ ದೋಸೆ (ಹೆಸರು ನಮ್ಮ ಅಡುಗೆಮನೆಯದರಂತೆಯೇ ಕೇಳಿಸುತ್ತದೆ!). ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುವ ಈ ಗುರುತುಗಳು ಒಡಹುಟ್ಟಿದವರಲ್ಲಿಯೂ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು.

1973ರಲ್ಲಿ ಲಂಡನ್ನಿನಲ್ಲಿ ಬಾಲಕನೊಬ್ಬನು ಬಂಧುವಲ್ಲದವರ ಮಜ್ಜೆಯಿಂದ ಬದುಕಿದನು. ಮಗ ಆಂಟನಿಯೊಡನೆ ಶರ್ಲಿ ನೋಲನ್ ಎಂಬ ತಾಯಿ ಆಸ್ಟ್ರೇಲಿಯಾದಿಂದ ಅಲ್ಲಿಗೆ ಬಂದರು. ಹೊಂದುವ ದಾನಿಯನ್ನು ಹುಡುಕೋಣವೆಂದರೆ ದಾನಿಗಳ ಪಟ್ಟಿಯೇ ಇರಲಿಲ್ಲ. 1974ರಲ್ಲಿ ಆಕೆಯೇ ಅದನ್ನು ಆರಂಭಿಸಿದರು. ಜಗತ್ತಿನಲ್ಲಿ ಅಂಥದು ಅದೇ ಮೊದಲು. 1979ರಲ್ಲಿ ಏಳು ವರ್ಷದ ಆಂಟನಿ ದಾನಿ ಸಿಗದೆಯೇ ತೀರಿಕೊಂಡನು. ತಾಯಿ ಪಟ್ಟಿಯನ್ನು ಮುಚ್ಚಲಿಲ್ಲ.

ಈಗ ವೈದ್ಯರು ಸಾಮಾನ್ಯವಾಗಿ ಎಂಟು ಗುರುತುಗಳನ್ನಾದರೂ ಹೋಲಿಸುತ್ತಾರೆ. ಹಲವರು ಹೊಂದಿದರೆ ಕಿರಿಯ ವಯಸ್ಸಿನವರಿಗೆ ಆದ್ಯತೆ. ರಕ್ತದ ಗುಂಪು ಬೇರೆಯಾದರೂ ನಡೆಯುತ್ತದೆ. ಆದರೆ ಗುರುತುಗಳು ವಂಶಮೂಲವನ್ನು ಅನುಸರಿಸುವುದರಿಂದ ಭಾರತೀಯ ರೋಗಿಗೆ ಯೂರೋಪಿನ ಪಟ್ಟಿಗಳಲ್ಲಿ ದಾನಿ ದೊರೆಯುವುದು ಕಷ್ಟ. 2009ರಲ್ಲಿ ಚೆನ್ನೈಯಲ್ಲಿ ದಾತ್ರಿ ಸಂಸ್ಥೆ ಹುಟ್ಟಿತು. ಬೆಂಗಳೂರಿನಲ್ಲಿಯೂ ಇಂಥ ಪಟ್ಟಿಯಿದೆ. ಹೆಸರು ಬರೆಸುವ ತರುಣರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕೊಟ್ಟರಾಯಿತು.